ಹೂವು ಅವಳ ಹತ್ತಿರ, ಹಣ್ಣು ಇವನ ಹತ್ತಿರ

ಪರದೆಯ ಮೇಲೆ ಆ ಗಿಡದ ಚಿತ್ರ ಮೂಡಿದಾಗ ಎಲೆಪ್ಪನ ಕೈಯಲ್ಲಿದ್ದ ಚಹಾದ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತು.

ಎಲೆಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹೂವು ಬೇಡ, ಕಾಯಿ ಬೇಡ, ಬರೀ ಎಲೆಯನ್ನು ಮುಟ್ಟಿ, ಬೆನ್ನು ಮಗುಚಿ, ಚೂರು ಹರಿದು ಮೂಸಿ ಗಿಡದ ಗುರುತು ಹೇಳುತ್ತಿದ್ದ ವಿದ್ಯಾರ್ಥಿಗೆ ಗುರುಗಳು ತಮಾಷೆಗೆ ಇಟ್ಟ ಹೆಸರು. ತಲೆ ನರೆತರೂ ಅದು ಅಂಟಿಕೊಂಡೇ ಬಂತು. ಅವನ ಕೆಲಸ ಹರ್ಬೇರಿಯಂನಲ್ಲಿ, ಎಂದರೆ ಒಣಗಿಸಿದ ಗಿಡಗಳನ್ನು ಕಾಗದದ ಹಾಳೆಗಳಿಗೆ ಹೊಲಿದು ಕಾಪಾಡುವ ಭಂಡಾರದಲ್ಲಿ. ಉದ್ದನೆಯ ಕೋಣೆ, ಎರಡೂ ಕಡೆ ಸೂರು ಮುಟ್ಟುವ ಕಬ್ಬಿಣದ ಬೀರುಗಳು, ಎಲ್ಲೆಲ್ಲೂ ನುಸಿಗುಳಿಗೆಯ ವಾಸನೆ. ಹೊಸಬರು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಎಲೆಪ್ಪನಿಗೆ ಆ ವಾಸನೆ ಇಲ್ಲದಿದ್ದರೆ ಏನೋ ಕಳೆದುಕೊಂಡಂತೆ. ಕಾಡಿನಿಂದ ಗುರುತಿಲ್ಲದ ಗಿಡ ಬಂದರೆ ಅದು ನಿಜವಾಗಿ ಹೊಸದೋ, ಯಾರೋ ಎಂದೋ ಹೆಸರಿಟ್ಟು ಮರೆತದ್ದೋ ಎಂದು ಪತ್ತೆ ಹಚ್ಚುವುದು, ಹೊಸದೇ ಆದರೆ ಹೆಸರಿಟ್ಟು, ಬುಡದಿಂದ ತುದಿಯವರೆಗೆ ವಿವರ ಬರೆದು ಲೋಕಕ್ಕೆ ತಿಳಿಸುವುದು ಅವನ ಕಸುಬು.

ಆ ಬೆಳಿಗ್ಗೆ ಒಂದು ಪತ್ರಿಕೆಯ ಸಂಪಾದಕರು ಇಂಥದೇ ಲೇಖನವೊಂದನ್ನು ಕಳಿಸಿ, ಅಚ್ಚು ಹಾಕಬಹುದೇ ನೋಡಿ ಹೇಳಿ ಎಂದು ಕೇಳಿದ್ದರು. ಇದು ಮಾಮೂಲು. ಪರಿಶೀಲಿಸಿದವರು ಯಾರೆಂದು ಬರೆದವರಿಗೆ ಗೊತ್ತಾಗುವುದಿಲ್ಲ. ಎಲೆಪ್ಪ ಎಂದಿನಂತೆ ಮೊದಲು ಚಿತ್ರ ತೆರೆದ. ಬಂಡೆಗೆ ಒರಗಿ ಬೆಳೆದ ಮೊಣಕಾಲೆತ್ತರದ ಗಿಡ. ಎದುರುಬದುರು ಜೋಡಿ ಎಲೆ. ಎಲೆಯ ಬೆನ್ನಿಗೆ ತುಕ್ಕು ಬಣ್ಣದ ರೋಮ.

ಅದು ಅವನ ಗಿಡ. ಮೊದಲ ಸಲ ಒಂದು ಬೆಟ್ಟದ ಮೂಡಣ ಮಗ್ಗುಲಲ್ಲಿ ಕಂಡಾಗ ಅದು ಮುತ್ತಿನಂಥ ಬಿಳಿ ಹಣ್ಣು ಬಿಟ್ಟಿತ್ತು. ಆಮೇಲೆ ಹೂವಿಗಾಗಿ ವರ್ಷ ವರ್ಷವೂ ಹತ್ತಿದ. ಒಂದೋ ಹೂವಿನ ಕಾಲ ಮುಗಿದಿರುತ್ತಿತ್ತು, ಇಲ್ಲವೇ ಶುರುವಾಗಿರುತ್ತಿರಲಿಲ್ಲ; ಒಂದು ಸಲವಂತೂ ದಾರಿಯೇ ಕುಸಿದು ಅರ್ಧದಿಂದ ವಾಪಸಾದ. ಹೂವಿಲ್ಲದೆ ವಿವರ ಪೂರ್ತಿಯಾಗದು ಎಂದು, ಬರೆದಷ್ಟನ್ನು ಹಾಗೇ ಇಟ್ಟುಕೊಂಡು ಕಾಯುತ್ತಿದ್ದ. ಈಗ ಪರದೆಯಲ್ಲಿ ಅದೇ ಗಿಡ ಮೈತುಂಬ ಹೂ ಮುಡಿದು ನಿಂತಿತ್ತು. ತಿಳಿ ನೇರಳೆ ಹೂವು, ಗಂಟಲಲ್ಲಿ ಮಾತ್ರ ಹಳದಿ.

ಬರೆದವರು ಯಾರೆಂದು ನೋಡಿದ. ಅಲ್ಲಿ ಅಚ್ಚಾಗಿದ್ದದ್ದು ಪೂರ್ತಿ ಹೆಸರು. ಅವನ ಬಾಯಿಗೆ ಬಂದದ್ದು ಮಾತ್ರ ‘ಕತ್ತರಿ’ ಎಂಬ ಹಳೆಯ ಹೆಸರು.

ಅದೂ ಗುರುಗಳ ಕೊಡುಗೆಯೇ. ಸೊಂಟಕ್ಕೆ ಸದಾ ಟೊಂಗೆ ಕತ್ತರಿಸುವ ಕತ್ತರಿ ಸಿಕ್ಕಿಸಿಕೊಂಡು, ಮಾತನ್ನೂ ಹಾಗೇ ಕಡ್ಡಿ ತುಂಡು ಮಾಡಿದಂತೆ ಆಡುತ್ತಿದ್ದ ಹುಡುಗಿ. ಗುರುಗಳ ಕೈಕೆಳಗೆ ಇಬ್ಬರೂ ಒಟ್ಟಿಗೆ ಕಲಿತವರು, ಒಂದೇ ಗುಡಾರದಡಿ ನೆನೆದವರು, ಜಿಗಣೆಗಳಿಗೆ ಸರಿಸಮ ರಕ್ತ ಕೊಟ್ಟವರು. ಎಲೆಪ್ಪನ ಮನೆಯಲ್ಲಿ ಅವಳಿಗೆಂದೇ ಒಂದು ತಟ್ಟೆ ಇತ್ತು. ಅಮ್ಮನಿಗೆ ಅವಳೆಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಷ್ಟೇ ಸಲಿಗೆ.

ಆ ಸ್ನೇಹ ಕೆಟ್ಟದ್ದು ಒಂದು ಗಿಡದಿಂದ. ಎಲೆಪ್ಪ ಮೊಟ್ಟಮೊದಲು ಹೊಸದೆಂದು ವಿವರಿಸಿದ ಗಿಡಕ್ಕೆ ಅಮ್ಮನ ಹೆಸರಿಟ್ಟಿದ್ದ. ಅಮ್ಮ ಅದರ ಫೋಟೋಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದಳು. ನಾಲ್ಕಾರು ವರ್ಷದ ಮೇಲೆ ಕತ್ತರಿ ಹಳೆಯ ಹಾಳೆಗಳನ್ನೆಲ್ಲ ತಿರುವಿಹಾಕಿ, ಅದು ಹೊಸ ಗಿಡವೇ ಅಲ್ಲ, ಬಹಳ ಹಿಂದೆಯೇ ಹೆಸರು ಪಡೆದ ಗಿಡವೇ ನೆರಳಲ್ಲಿ ಬೆಳೆದು ಎಲೆ ಅಗಲವಾಗಿದೆ ಅಷ್ಟೇ ಎಂದು ಕಂಡುಹಿಡಿದಳು. ಅಚ್ಚಿಗೆ ಕೊಡುವ ಮುಂಚೆ ಅವನಿಗೆ ಫೋನು ಮಾಡಿ ಹೇಳಿದ್ದಳು ಕೂಡ. ನಿನಗೆ ಸರಿ ಕಂಡಿದ್ದನ್ನು ಮಾಡಿಕೋ ಎಂದು ಇವನು ಫೋನಿಟ್ಟ. ಅವಳು ಸರಿ ಕಂಡಿದ್ದನ್ನೇ ಮಾಡಿದಳು. ಈ ಕಸುಬಿನವರ ಭಾಷೆಯಲ್ಲಿ ಹೇಳುವುದಾದರೆ ಅವನ ಗಿಡವನ್ನು ಮುಳುಗಿಸಿದಳು. ಅಮ್ಮನ ಹೆಸರು ಇನ್ನೊಂದು ಹೆಸರಿನ ಅಡಿಯಲ್ಲಿ ಸಣ್ಣ ಅಕ್ಷರದ ಸಾಲಾಯಿತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಸಭೆಗಳಲ್ಲಿ ಎದುರಾದರೆ ಇವನು ಕಿಟಕಿ ಕಡೆ ನೋಡುತ್ತಿದ್ದ. ಅವಳು ಹೇಳಿದ್ದು ಸರಿ ಎಂದು ಇವನಿಗೂ ಗೊತ್ತಿತ್ತು. ಯಾರೂ ಇಲ್ಲದಾಗ ತನ್ನ ಗಿಡದ ಹಾಳೆಯನ್ನೂ ಆ ಹಳೆಯ ಗಿಡದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಎಷ್ಟೋ ಸಲ ನೋಡಿದ್ದ. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ಗೋಡೆಯ ಮೇಲಿನ ಚೌಕಟ್ಟು ಹಾಗೇ ಇತ್ತು.

ಈಗ ಕತ್ತರಿಯ ಲೇಖನ ಅವನ ಕೈಯಲ್ಲಿ.

ಓದುತ್ತ ಹೋದಂತೆ ಬೆನ್ನು ನೆಟ್ಟಗಾಯಿತು. ಗಿಡಕ್ಕೂ ಮನುಷ್ಯರಂತೆ ಒಂದು ಮನೆತನ ಇರುತ್ತದೆ, ಅದಕ್ಕೆ ಕುಲವೆನ್ನುತ್ತಾರೆ. ರಸ ತುಂಬಿದ ಬಿಳಿ ಹಣ್ಣು ನೋಡಿ ಎಲೆಪ್ಪ ತನ್ನ ಗಿಡವನ್ನು ರಸಹಣ್ಣು ಬಿಡುವ ಕುಲಕ್ಕೆ ಸೇರಿಸಿಕೊಂಡಿದ್ದ. ಆ ಕುಲದ ಹೂವಿನಲ್ಲಿ ಪರಾಗ ಹೊತ್ತ ಕೇಸರ ಎರಡೇ. ಕತ್ತರಿ ಬಿಡಿಸಿ ತೋರಿಸಿದ ಹೂವಿನಲ್ಲಿ ನಾಲ್ಕಿದ್ದವು. ಅವಳು ಹೂವಿನ ಲೆಕ್ಕದ ಮೇಲೆ ಗಿಡವನ್ನು ಬೇರೊಂದು ಕುಲಕ್ಕೆ ಸೇರಿಸಿದ್ದಳು. ಆದರೆ ಆ ಕುಲದಲ್ಲಿ ರಸಹಣ್ಣೇ ಇಲ್ಲ. ಒಣಗಿ ಬಿರಿಯುವ ಕಾಯಿ ಮಾತ್ರ. ‘ಹಣ್ಣು ಕಂಡಿಲ್ಲ, ಬಂಧುಗಳಂತೆ ಒಣಕಾಯಿಯೇ ಇರಬೇಕು’ ಎಂದು ಊಹೆಯಿಂದ ಬರೆದಿದ್ದಳು.

ಹೂವು ಅವನನ್ನು ಸುಳ್ಳು ಮಾಡುತ್ತಿತ್ತು. ಹಣ್ಣು ಅವಳನ್ನು ಸುಳ್ಳು ಮಾಡುತ್ತಿತ್ತು. ಎರಡನ್ನೂ ಸೇರಿಸಿದರೆ ಆ ಗಿಡ ಎರಡು ಮನೆಗೂ ಸೇರದು. ಬರೀ ಹೊಸ ಗಿಡವಲ್ಲ, ಹೊಸ ಕುಲವೇ. ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ ಎನ್ನುವಂಥದ್ದು. ಮತ್ತು ಈ ಸಂಗತಿ ಇಡೀ ಲೋಕದಲ್ಲಿ ತಿಳಿದಿದ್ದದ್ದು ಆ ಕ್ಷಣ ಅವನೊಬ್ಬನಿಗೇ. ಚಹಾ ಆರಿ ತಣ್ಣಗಾಗಿತ್ತು.

ಮನುಷ್ಯನ ಮನಸ್ಸು ಒಳ್ಳೆಯ ದಾರಿಗಿಂತ ಮೊದಲು ಸುಲಭದ ದಾರಿ ಹುಡುಕುತ್ತದೆ. ಎಲೆಪ್ಪನೂ ಹುಡುಕಿದ. ಪುರುಸೊತ್ತಿಲ್ಲ, ತಡವಾಗುತ್ತದೆ ಎಂದು ಸಂಪಾದಕರಿಗೆ ಹೇಳಿ, ಅಷ್ಟರಲ್ಲಿ ತನ್ನ ಲೇಖನವನ್ನು ಬೇರೆ ಕಡೆ ಅಚ್ಚು ಹಾಕಿಸಿಬಿಡಬಹುದು. ಕೆಲವು ದಿನ ಬಾಗಿಲು ಹಾಕಿಕೊಂಡು ತನ್ನ ಬರಹ ತಿದ್ದಿದ. ‘ಕೇಸರ ನಾಲ್ಕು’ ಎಂದು ಬರೆಯುವ ಜಾಗ ಬಂದಾಗಲೆಲ್ಲ ಬೆರಳು ನಿಲ್ಲುತ್ತಿತ್ತು. ತಾನು ಆ ಹೂವನ್ನು ಕಣ್ಣಾರೆ ಕಂಡಿಲ್ಲ. ಬರೆದರೆ ಕಳ್ಳತನ, ಬಿಟ್ಟರೆ ಗೊತ್ತಿದ್ದೂ ತಪ್ಪು ಬರೆದಂತೆ.

ಆಗ ಇನ್ನೊಂದು ದಾರಿ ಹೊಳೆಯಿತು. ಇದರಲ್ಲಿ ಕಳ್ಳತನದ ಮಾತೇ ಇಲ್ಲ. ಲೇಖನ ಚೆನ್ನಾಗಿದೆ, ಅಚ್ಚು ಹಾಕಿ ಎಂದು ಅವಳದನ್ನು ದಾಟಿಸಿಬಿಡುವುದು. ಅವಳ ತಪ್ಪು ಅವಳ ಹೆಸರಲ್ಲೇ ಹೊರಬರಲಿ. ಆಮೇಲೆ ಹಣ್ಣನ್ನು ಮುಂದಿಟ್ಟು, ಗಿಡವನ್ನು ಅವಳು ಇಟ್ಟ ಕುಲದಿಂದ ಎತ್ತಿ ಹೊಸ ಕುಲದಲ್ಲಿ ತಾನೇ ಕೂರಿಸುವುದು. ಎಲ್ಲ ನಿಯಮದ ಪ್ರಕಾರವೇ. ಅವಳು ತನಗೆ ಮಾಡಿದ್ದೂ ಇದೇ ತಾನೆ.

ಈ ಯೋಚನೆಯನ್ನು ಅವನು ಹೆಂಡತಿಯ ಹತ್ತಿರ ಆಡಿದ. ಅವಳು ಹಲ್ಲಿನ ಡಾಕ್ಟರರಿಗೆ ಕಟ್ಟುಹಲ್ಲು ಮಾಡಿಕೊಡುವವಳು; ಮನೆಯ ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಅತ್ತೆಯ ಹಲ್ಲು ಸೆಟ್ಟೂ ಅವಳ ಕೈಯದೇ. ಆ ಭಾನುವಾರ ಯಾರದೋ ದವಡೆಯ ಅಚ್ಚನ್ನು ಉಜ್ಜುತ್ತ ಗಂಡನ ಮಾತು ಪೂರ್ತಿ ಕೇಳಿಸಿಕೊಂಡಳು. ಪುಡಿ ಊದಿ, ಕನ್ನಡಕ ಮೇಲೆತ್ತಿ ಅವನ ಮುಖ ನೋಡಿದಳು.

“ಅವರು ನಿಮಗೆ ಫೋನ್ ಮಾಡಿ ಹೇಳಿದ್ರು ಅಲ್ವಾ, ಅಚ್ಚಾಗೋಕೆ ಮುಂಚೆ?”

ಎಲೆಪ್ಪ ಹೌದೆಂದ.

“ಹಾಗಿದ್ರೆ ಇದೂ ಅದೂ ಒಂದೇ ಹೇಗಾಗತ್ತೆ ರೀ?”

ಅಷ್ಟು ಹೇಳಿ ಅವಳು ಮತ್ತೆ ಉಜ್ಜತೊಡಗಿದಳು. ಎಲೆಪ್ಪನಿಗೆ ಸಿಟ್ಟು ಬಂತು. ಎದ್ದು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಅಮ್ಮನ ಮಂಡಿಗೆ ಕಸರತ್ತು ಮಾಡಿಸುವ ಹೊಸ ಹುಡುಗಿ ಮನೆಗೆ ಬಂದಿದ್ದಳು. ಅಮ್ಮ ಅವಳಿಗೂ ಗೋಡೆಯ ಕಡೆ ಕೈ ತೋರಿಸಿ ‘ಅದು ನನ್ನ ಗಿಡ’ ಎಂದು ಶುರು ಮಾಡಿದಳು. ಆ ಹುಡುಗಿ ಪಾಪ, ಮೊಬೈಲಿನಲ್ಲಿ ಆ ಹೆಸರು ಹುಡುಕಿದಳು. ಹುಬ್ಬು ಗಂಟಿಕ್ಕಿ, ಇಲ್ಲಿ ಬೇರೆ ಏನೋ ಹೆಸರು ತೋರಿಸ್ತಿದೆ ಅಜ್ಜಿ ಎಂದಳು. ಅದು ಮೊಬೈಲಿನ ತಪ್ಪು ಎಂದು ಅಮ್ಮ ನಕ್ಕಳು. ಎಲೆಪ್ಪ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದ. ಆ ನಗು ಕೇಳಿ ಅವನಿಗೆ ತಡೆಯಲಾಗಲಿಲ್ಲ. ಹುಡುಗಿ ಹೋಗುವವರೆಗೆ ಕಾದು, ಅಮ್ಮನ ಪಕ್ಕದಲ್ಲಿ ಕುಳಿತು ಎಲ್ಲ ಹೇಳಿಬಿಟ್ಟ.

ಅಮ್ಮ ಗೋಡೆಯ ಚೌಕಟ್ಟನ್ನು ನೋಡಿದಳು. ಆಮೇಲೆ, ಆ ಗಿಡ ಸತ್ತುಹೋಯಿತಾ ಎಂದು ಕೇಳಿದಳು. ಇಲ್ಲಮ್ಮ, ಗಿಡ ಚೆನ್ನಾಗೇ ಇದೆ, ಅದಕ್ಕೆ ಮೊದಲೇ ಬೇರೆ ಹೆಸರಿತ್ತು ಅಷ್ಟೇ ಎಂದ. ಇದು ಯಾವ ಕಾಲದ ಸುದ್ದಿ ಎಂದು ಕೇಳಿದಳು. ಹೇಳಿದ. ಕತ್ತರಿ ಮನೆಗೆ ಬರೋದು ನಿಂತಿದ್ದು ಇದಕ್ಕೇನಾ ಎಂದು ಕೇಳಿದಳು. ಎಲೆಪ್ಪ ಹೌದೆಂದು ತಲೆಯಾಡಿಸಿದ. ಅಮ್ಮನ ಕಣ್ಣು ತುಂಬಿತು.

“ಅವಳು ಸತ್ತೇಹೋಗಿದಾಳೆ, ನನಗೆ ಹೇಳಿದ್ರೆ ತಡಕೊಳ್ಳಲ್ಲ ಅಂತ ನೀವೆಲ್ಲ ಮುಚ್ಚಿಟ್ಟಿದೀರ ಅಂದ್ಕೊಂಡಿದ್ದೆ ಕಣೋ. ಇಷ್ಟು ವರ್ಷ ನಾನೂ ಕೇಳದೇ ಸುಮ್ಮನಿದ್ದೆ.”

ಎಲೆಪ್ಪನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಮ್ಮನ ಹೆಸರು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಅಮ್ಮ ಅಷ್ಟು ವರ್ಷ ಒಬ್ಬ ಮಗಳಿಗಾಗಿ ಒಳಗೊಳಗೇ ಅತ್ತಿದ್ದಳು. ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಹೆಸರಿರೋ ಗಿಡಕ್ಕೆ ಇನ್ನೊಂದು ಹೆಸರಿಡೋಕೆ ನಿನಗ್ಯಾರು ಹೇಳಿದ್ರು ಎಂದು ಗದರಿದಳು. ಇನ್ನು ಮುಂದೆ ಯಾವ ಗಿಡಕ್ಕೂ ತನ್ನ ಹೆಸರು ಅಂಟಿಸಕೂಡದೆಂದೂ ಕಟ್ಟಪ್ಪಣೆ ಮಾಡಿದಳು. ಫೋಟೋ ಮಾತ್ರ ಇರಲಿ, ಗಿಡ ಚೆನ್ನಾಗಿದೆ ಎಂದಳು.

ಕಚೇರಿಗೆ ಹೋದವನೇ ಎಲೆಪ್ಪ ಸಂಪಾದಕರಿಗೆ ಫೋನು ಮಾಡಿದ. ಈ ಗಿಡದ ಹಣ್ಣು ನನ್ನ ಹತ್ತಿರ ಇದೆ, ಈ ಲೇಖನ ಪರಿಶೀಲಿಸುವ ಹಕ್ಕು ನನಗಿಲ್ಲ, ನನ್ನ ಹೆಸರು ಅವರಿಗೆ ತಿಳಿಸಿ, ಹಣ್ಣು ನೋಡದೆ ಅಚ್ಚು ಹಾಕಬೇಡಿ ಎಂದ. ಸಂಪಾದಕರು ಒಳ್ಳೆಯ ಮನುಷ್ಯ. ಮೊದಲೇ ಹೇಳಬೇಕಿತ್ತು ಎಂದು ಮೆತ್ತಗೆ ಬೈದು, ವಿಷಯ ಮುಟ್ಟಿಸುತ್ತೇನೆ ಎಂದರು.

ಮಧ್ಯಾಹ್ನಕ್ಕೆ ಕತ್ತರಿಯ ಫೋನು ಬಂತು. ನಮಸ್ಕಾರ, ಹೇಗಿದ್ದೀರಿ ಎಂದು ಬಹುವಚನ ಹಚ್ಚಿ ಮಾತಾಡಿದಳು. ಒಂದೇ ಗುಡಾರದಡಿ ಮಲಗಿ ಎದ್ದವಳ ಬಾಯಲ್ಲಿ ಆ ‘ನೀವು’ ಅವನಿಗೆ ಚುಚ್ಚಿತು. ಅವಳು ಸುತ್ತಿಬಳಸದೆ ವಿಷಯಕ್ಕೆ ಬಂದಳು.

“ನನ್ನ ಲೇಖನ ಇಷ್ಟು ದಿನ ನಿಮ್ಮ ಹತ್ರಾನೇ ಇತ್ತಾ?”

“ಇತ್ತು.”

“ಇಟ್ಕೊಂಡು ಏನು ಮಾಡ್ತಿದ್ರಿ?”

ಏನಾದರೊಂದು ನೆಪ ಹೇಳಬಹುದಿತ್ತು. ಎಲೆಪ್ಪ ಬೀರುಗಳ ಸಾಲನ್ನೇ ನೋಡುತ್ತ ಹೇಳಿದ.

“ಮೊದಲು ಕದಿಯೋಣ ಅಂತಿದ್ದೆ, ಆಗಲಿಲ್ಲ. ಆಮೇಲೆ ನಿನ್ನನ್ನ ಮುಳುಗಿಸೋಣ ಅಂತಿದ್ದೆ. ಅದೂ ಆಗಲಿಲ್ಲ.”

 ಅವಳು ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡ. ಇಟ್ಟಿದ್ದರೂ ತಪ್ಪಿರಲಿಲ್ಲ. ಅವಳು ಇಡಲಿಲ್ಲ. ಬಂದದ್ದು ಬೇರೆಯದೇ ದನಿ.

“ಹಣ್ಣು ಯಾವ ಬಣ್ಣ?”

“ಬಿಳಿ.”

“ಒಣಗಿದ್ದಾ?”

“ಅಲ್ಲ. ರಸ ಇದೆ. ಹಿಚುಕಿದ್ರೆ ಕೈಗೆ ಅಂಟತ್ತೆ.”

“ಸುಳ್ಳು ಹೇಳ್ಬೇಡ ಕಣೋ” ಎಂದಳು ಕತ್ತರಿ, ಮತ್ತು ‘ನೀವು’ ಹೋಗಿ ಹಳೆಯ ಏಕವಚನ ಬಂದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಆಮೇಲೆ ಅವಳು, ಹಾಗಾದರೆ ಇದು ನಾನು ಹೇಳಿದ ಕುಲ ಅಲ್ಲ ಎಂದಳು. ನಾನು ಹೇಳಿದ್ದೂ ಅಲ್ಲ ಎಂದ ಇವನು. ಅವಳಿಗೆ ಮುಂದಿನದು ಹೇಳಬೇಕಾಗಲಿಲ್ಲ.

ಹಣ್ಣುಗಳನ್ನು ಸ್ಪಿರಿಟ್ಟು ತುಂಬಿದ ಬಾಟಲಿಯಲ್ಲಿಟ್ಟು, ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಎಲೆಪ್ಪ ಬಸ್ಸು ಹತ್ತಿದ. ಅವಳ ಊರು ಅರ್ಧ ದಿನದ ದಾರಿ. ಪಕ್ಕದ ಸೀಟಿನವರು ಏನದು, ಉಪ್ಪಿನಕಾಯಿಯೇ ಎಂದು ಕೇಳಿದರು. ಹೆಚ್ಚುಕಮ್ಮಿ ಹಾಗೇ ಎಂದ.

ಕತ್ತರಿಯ ಕೋಣೆ ಅವನ ಕೋಣೆಯ ತಂಗಿಯಂತಿತ್ತು. ಅದೇ ಬೀರು, ಅದೇ ವಾಸನೆ, ಕಿಟಕಿ ಮಾತ್ರ ದೊಡ್ಡದು. ಅವಳು ಎದ್ದು ಬರುವಾಗ ಮೇಜು ಹಿಡಿದು ಬಂದಳು. ಒಂದು ಮಂಡಿಗೆ ಆಪರೇಷನ್ ಆಗಿತ್ತು. ಆ ಹೂವು ಸಿಕ್ಕಿದ್ದು ಅವಳು ಹತ್ತಿದ ಕೊನೆಯ ಬೆಟ್ಟದಲ್ಲಿ. ಎಲೆಪ್ಪ ಹತ್ತುತ್ತಿದ್ದ ಅದೇ ಬೆಟ್ಟವನ್ನು ಪಡುವಣ ಮಗ್ಗುಲಿನಿಂದ ಹತ್ತಿ, ಇಳಿಯುವಾಗ ಮಂಡಿ ಕೈಕೊಟ್ಟು, ಹೂವಿನ ಕಟ್ಟನ್ನು ಮಾತ್ರ ನೆನೆಯಲು ಬಿಡದೆ ಕುಂಟುತ್ತ ಬಂದಿದ್ದಳಂತೆ. ಹಣ್ಣಿಗಾಗಿ ಇನ್ನೊಮ್ಮೆ ಹತ್ತುವುದು ಈ ಜನ್ಮದಲ್ಲಿ ಆಗದು ಎಂದು ಡಾಕ್ಟರು ಹೇಳಿದ್ದರಿಂದಲೇ ಊಹೆಯಿಂದ ಬರೆದೆ ಎಂದಳು. ಊಹೆಯಿಂದ ಬರೆದದ್ದು ತಪ್ಪು ಎಂದೂ ಸೇರಿಸಿದಳು. ಅವಳ ಮಾತು ಈಗಲೂ ಕಡ್ಡಿ ತುಂಡು ಮಾಡಿದಂತೆಯೇ.

ಇಬ್ಬರೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಎಲೆಪ್ಪ ಎಲೆಯ ಬೆನ್ನಿನ ರೋಮವನ್ನು ಭೂತಕನ್ನಡಿಯಲ್ಲಿ ನೋಡಿದ. ಕತ್ತರಿ ಹಣ್ಣೊಂದನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದವಳು ಏಳಲೇ ಇಲ್ಲ. ಎದ್ದಾಗ ಮುಖದಲ್ಲಿ ಗುಡಾರದ ದಿನಗಳ ಆ ಹುಡುಗಿಯೇ ಇಣುಕಿದಳು. ಎಲೆಯ ಚೂರನ್ನು ಡಿಎನ್‌ಎ ಪರೀಕ್ಷೆಗೂ ಕಳಿಸುವುದೆಂದಾಯಿತು. ಇಬ್ಬರೂ ಸೇರಿ ಬರೆಯುವ ಲೇಖನದಲ್ಲಿ ಯಾರ ಹೆಸರು ಮೊದಲು ಎಂಬ ಮಾತು ಬಂದಾಗ ಇಬ್ಬರೂ ನಿನ್ನದು ನಿನ್ನದು ಎಂದು ಜಗಳಕ್ಕೇ ನಿಂತರು. ಕೊನೆಗೆ ಹೂವು ಅರಳಿದ ಮೇಲೆ ತಾನೆ ಹಣ್ಣಾಗುವುದು ಎಂದು ಎಲೆಪ್ಪ ಅವಳದನ್ನೇ ಮೊದಲಿಟ್ಟ.

ಹಳೆಯ ವಿಷಯ ಎತ್ತಿದವಳು ಅವಳೇ. ಫೋನಿನಲ್ಲಿ ಹೇಳಿ ಕೈ ತೊಳೆದುಕೊಳ್ಳುವ ಬದಲು ಅಂದು ಮನೆಗೇ ಬಂದು ಅಮ್ಮನ ಮುಂದೆ ಕೂತು ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ ಎಂದಳು. ಎಲೆಪ್ಪ ಅಮ್ಮ ಹೇಳಿದ್ದನ್ನು ಹೇಳಿದ. ತಾನು ಸತ್ತಿದ್ದೇನೆ ಎಂದು ಅಮ್ಮ ನಂಬಿದ್ದಳೆಂಬುದನ್ನು ಕೇಳಿ ಕತ್ತರಿ ಮೊದಲು ನಕ್ಕಳು, ಆಮೇಲೆ ಕನ್ನಡಕ ತೆಗೆದು ಕಿಟಕಿಯ ಹತ್ತಿರ ಹೋಗಿ ನಿಂತಳು. ಎಲೆಪ್ಪ ಅಲ್ಲಿಂದಲೇ ಮನೆಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟು ಹೊರಗೆ ಹೋದ. ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆದು ನಡೆದು ಕಾಲು ನೋಯುವವರೆಗೆ ಒಳಗಿನ ಮಾತು ಮುಗಿಯಲಿಲ್ಲ.

ಪರೀಕ್ಷೆಯ ವರದಿ ಬಂತು; ಇಬ್ಬರ ಕಣ್ಣು ಹೇಳಿದ್ದನ್ನೇ ಅದೂ ಹೇಳಿತು. ಹೊಸ ಕುಲಕ್ಕೆ ತುಕ್ಕು ಬಣ್ಣದ ಆ ರೋಮವನ್ನೇ ನೆನಪಿಸುವ ಹೆಸರಿಟ್ಟರು. ಸಂಪಾದಕರು ಈ ಸಲ ಬೇರೆಯವರಿಗೆ ಪರಿಶೀಲನೆಗೆ ಕಳಿಸಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಹೂವೂ ಹಣ್ಣೂ ಒಂದೇ ಗಿಡದ್ದೆಂದು ನೀವು ಕಣ್ಣಾರೆ ಕಂಡಿದ್ದೀರಾ?

ಕಂಡಿರಲಿಲ್ಲ. ಎಲೆ, ರೋಮ, ವರದಿ ಎಲ್ಲ ಸರಿ. ಕಣ್ಣಾರೆ ಮಾತ್ರ ಯಾರೂ ಕಂಡಿರಲಿಲ್ಲ. ಹೂವಿನ ಕಾಲ ಮುಗಿದು ಹಣ್ಣಿನ ಕಾಲ ಶುರುವಾಗುವ ಸಂಧಿಯಲ್ಲಿ ಇಬ್ಬರೂ ಬೆಟ್ಟದ ಬುಡಕ್ಕೆ ಬಂದರು. ಕತ್ತರಿ ಅರಣ್ಯದವರ ಚೌಕಿಯ ಜಗಲಿಯಲ್ಲಿ, ಕಾಲು ನೀಡಿ, ಫೋನು ಕಿವಿಗಿಟ್ಟುಕೊಂಡು ಕುಳಿತಳು. ಎಲೆಪ್ಪ ಹತ್ತಿದ. ಅವನಿಗೂ ವಯಸ್ಸಾಗಿತ್ತು, ನಡುನಡುವೆ ಬಂಡೆಗೆ ಒರಗಿ ಸುಧಾರಿಸಿಕೊಳ್ಳಬೇಕಾಯಿತು. ಎಲ್ಲಿದ್ದೀಯ, ಎಲ್ಲಿದ್ದೀಯ ಎಂದು ಫೋನು ಕೊರೆಯುತ್ತಲೇ ಇತ್ತು.

ಗಿಡಗಳು ಇದ್ದ ಬಂಡೆಯ ಸಾಲಿನ ಹತ್ತಿರ ಬಂದು ನೋಡಿದ. ಮಣ್ಣು ಜಾರಿ, ಹಿಂದೆ ಕಂಡಿದ್ದ ಗಿಡಗಳಲ್ಲಿ ಅರ್ಧ ಇರಲಿಲ್ಲ. ಮಂಡಿಯೂರಿ ತೆವಳಿಕೊಂಡು ಚಾಚುಬಂಡೆಯ ಅಡಿಗೆ ಹೋದ. ಅಲ್ಲಿ ನೀರು ತೊಟ್ಟಿಕ್ಕುವ ಜಾಗದಲ್ಲಿ ಒಂದು ಗಿಡ ನಿಂತಿತ್ತು. ತುದಿಯಲ್ಲಿ ಬಾಡುತ್ತಿದ್ದ ಒಂದು ನೇರಳೆ ಹೂವು. ಅದರ ಕೆಳಗಿನ ಗಂಟಿನಲ್ಲಿ ಆಗಷ್ಟೇ ಬಿಳಿಯಾಗುತ್ತಿದ್ದ ಎರಡು ಹಣ್ಣು. ಎಲೆಪ್ಪ ಆ ಹೂವನ್ನು ಮೊದಲ ಸಲ ನೋಡುತ್ತಿದ್ದ. ಗಂಟಲ ಹಳದಿ ಚಿತ್ರದಲ್ಲಿ ಕಂಡದ್ದಕ್ಕಿಂತ ಗಾಢವಾಗಿತ್ತು. ಬೆರಳ ತುದಿಯಿಂದ ದಳವನ್ನು ಸರಿಸಿ ನೋಡಿದ. ನಾಲ್ಕು ಕೇಸರ.

ಫೋಟೋ ತೆಗೆದುಕೊಂಡ ಮೇಲೆ ಫೋನಿನಲ್ಲಿ ವಿಷಯ ಹೇಳಿದ.  ಆ ಕಡೆಯಿಂದ ಕತ್ತರಿ ಮೂಗು ಎಳೆದುಕೊಂಡ ಸದ್ದು ಬಂತು. ಟೊಂಗೆ ಕತ್ತರಿಸಲೇ ಎಂದು ಕೇಳಿದ.

“ಎಷ್ಟು ಗಿಡ ಉಳಿದಿವೆ?”

“ಕಮ್ಮಿ. ಸುತ್ತ ಸಣ್ಣ ಸಸಿಗಳು ಎದ್ದಿವೆ, ಪರವಾಗಿಲ್ಲ. ಆದ್ರೂ ಕಮ್ಮಿ.”

“ಹಾಗಿದ್ರೆ ಮುಟ್ಟಬೇಡ. ಅಲ್ಲಿಂದಲೇ ಹೇಳು, ನಾನು ಬರ್ಕೋತೀನಿ. ಮೊದಲು ಎಲೆ.”

ಎಲೆಪ್ಪ ಒದ್ದೆ ನೆಲದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಕಿಸೆಯಿಂದ ಅಳತೆಪಟ್ಟಿ ತೆಗೆದು, ಕೆಳಗಿನ ಜೋಡಿಯಿಂದ ಶುರು ಮಾಡಿ ಒಂದೊಂದೇ ಎಲೆಯ ಅಳತೆ ಹೇಳತೊಡಗಿದ. ಎರಡನೆಯ ಜೋಡಿಗೆ ಬರುವಷ್ಟರಲ್ಲಿ, ಅಷ್ಟು ಅಗಲ ಇರೋಕೆ ಸಾಧ್ಯವಿಲ್ಲ, ಸರಿಯಾಗಿ ಅಳೆ ಎಂದು ಕೆಳಗಿನಿಂದ ಕತ್ತರಿ ತಕರಾರು ತೆಗೆದಳು. ಅವನು ಮತ್ತೆ ಅಳೆದ.